ಹನ್ನೊಂದು ನಿಮಿಷ

ಬೆಳಗಿನ ಜಾವ ಮೂರಕ್ಕೆ ಭಟ್ಟಿಯ ಬಾಯಿ ತೆರೆಯುತ್ತೇನೆ,
ಆರಕ್ಕೆ ವ್ಯಾನು ಹತ್ತುತ್ತೇನೆ.
ಪೋರ್ಚುಗಲ್ಲಿನ ಈ ಬಡಗಣ ಮೂಲೆಯಲ್ಲಿ
ಏಳು ಊರು, ನಲವತ್ತೆರಡು ಬಾಗಿಲು,
ಬಾಗಿಲಿಗೊಂದು ಬಟ್ಟೆಚೀಲ.
ಚೀಲದೊಳಗಿನ ಚಿಲ್ಲರೆ ತೆಗೆದು ಬ್ರೆಡ್ಡು ಇಡುವುದು,
ಇಷ್ಟೇ ನನ್ನ ಕೆಲಸ
ಅನ್ನುತ್ತದೆ ಬೇಕರಿಯ ಲೆಕ್ಕದ ಪುಸ್ತಕ.

ಪುಸ್ತಕಕ್ಕೇನು ಗೊತ್ತು.
ಎರ್ಮೆಲಿಂದಾಳ ಚೀಲದಲ್ಲಿ ಒಮ್ಮೊಮ್ಮೆ ಡಾಕ್ಟರ ಚೀಟಿ,
ಮರುದಿನ ಬ್ರೆಡ್ಡಿನ ಜೊತೆ ಅವಳ ಬಿ.ಪಿ. ಮಾತ್ರೆ.
ಆಚೆ ಮನೆಯ ಅಕ್ಕ ತಂಗಿ
ಮಾತು ಬಿಟ್ಟು ಹದಿನೆಂಟು ವರ್ಷ,
ಒಂದೇ ಬಾಗಿಲಿಗೆ ಎರಡು ಚೀಲ.
ಅಕ್ಕನಿಗೆ ಕೆಮ್ಮು ಹತ್ತಿದರೆ
ತಂಗಿ ನನ್ನ ಕಿವಿಗೆ ಹಾಕುತ್ತಾಳೆ,
ಹವೆಯ ಸುದ್ದಿ ಹೇಳಿದಂತೆ.

ನಿನ್ನೆಯ ಬ್ರೆಡ್ಡು ಇವತ್ತೂ ನೇತಾಡುತ್ತಿದ್ದರೆ
ಎಂಜಿನ್ನು ಆರಿಸಬೇಕು.
ಇದನ್ನು ನನಗೆ ಯಾರೂ ಕಲಿಸಲಿಲ್ಲ.

ಫೆಬ್ರವರಿಯಲ್ಲಿ, ನೆಲದ ಹುಲ್ಲೂ ಗಾಜಾಗಿದ್ದ ಮಂಗಳವಾರ,
ಅದೆರಿತೊನ ಚೀಲ ತುಂಬಿಯೇ ಇತ್ತು.
ಕೂಗಿದೆ. ನಾಯಿ ಬೊಗಳಿತು,
ಆಮೇಲೆ ನಾಯಿಯೂ ಸುಮ್ಮನಾಯಿತು.
ಬೀಗದ ಕೈ ಹೂಕುಂಡದ ಅಡಿಗೆ, ಊರಿಗೆಲ್ಲ ಗೊತ್ತು;
ಕಳ್ಳನಿಗೂ ಗೊತ್ತಾದೀತು,
ಇಷ್ಟು ದೂರ ಬರುವ ಕಳ್ಳನಿದ್ದರೆ.

ಬಚ್ಚಲಲ್ಲಿದ್ದ. ಎಂಬತ್ತಾರರ ಮೈ,
ಎಳೆದು ಹೊದ್ದುಕೊಂಡ ಒದ್ದೆ ಟವೆಲು.
ನೀಲಿಗಟ್ಟಿದ ತುಟಿಯಲ್ಲೂ ಗತ್ತು ಕಡಿಮೆಯಿಲ್ಲ:
"ಬಿದ್ದಿಲ್ಲ. ಕೂತಿದ್ದೇನೆ."
"ಯಾವಾಗಿನಿಂದ?"
"ನಿನ್ನೆಯಿಂದ."

ರೈಲ್ವೆ ಗೇಟು ಕಾದವನು, ಮದುವೆಯ ಗೊಡವೆಗೆ ಹೋಗದವನು.
ಹಳಿ ಕಿತ್ತೊಯ್ದು ಮೂವತ್ತು ವರ್ಷವಾದರೂ
ಸೊಂಟಕ್ಕೆ ಸರಪಳಿ ಕಟ್ಟಿದ ಗಡಿಯಾರ.
ಆಸ್ಪತ್ರೆಯವರು ಪೇಟೆಯ ವೃದ್ಧಾಶ್ರಮದ ಮಾತೆತ್ತಿದಾಗ
ಕೇಳಿದನಂತೆ,
"ಅಲ್ಲಿಂದ ರೈಲಿನ ದಾರಿ ಕಾಣುತ್ತದೋ?"
"ರೈಲೇ ಇಲ್ಲವಲ್ಲಜ್ಜ."
"ದಾರಿ ಇದೆ."

ಸರಿ, ಹಾಗಾದರೆ ಮನೆಯನ್ನೇ ರಿಪೇರಿ ಮಾಡೋಣ, ಅಂದಳು ನರ್ಸು ಝುಲ್ಮಿರಾ.
ಜಾರುವ ಕಂಬಳಿ ಸುತ್ತಿ ಅಟ್ಟಕ್ಕೆಸೆದಳು.
ವೆಲ್ಡರ್ ಬೆಲರ್ಮೀನೊ ಬಂದು
ಬಚ್ಚಲಿಗೊಂದು, ಮೆಟ್ಟಿಲಿಗೊಂದು ಕಬ್ಬಿಣದ ಹಿಡಿ ಕೂರಿಸಿದ.
ಅಜ್ಜನಿಗೆ ಸಿಟ್ಟು ನೆತ್ತಿಗೇರಿತು:
"ನನ್ನದು ಮನೆಯೋ, ಜೈಲೋ?"
ರಾತ್ರಿ ಯಾರೂ ನೋಡದಾಗ ಹಿಡಿದು ನೋಡಿದ್ದಾನೆ;
ಪೇಂಟು ಒಣಗಿರಲಿಲ್ಲ,
ಬೆಳಿಗ್ಗೆ ಅಂಗೈ ಹಸಿರು.

ಸೂಪು ಯಾರ ಸರದಿ ಎಂದು ಬಂದಾಗ
ಅಕ್ಕ ನನ್ನ ಮುಖ ನೋಡಿಕೊಂಡೇ ತಂಗಿಗೆ ಹೇಳಿದಳು,
"ಉಪ್ಪು ಕಡಿಮೆ ಹಾಕು."
ಹದಿನೆಂಟು ವರ್ಷದ ಮೇಲೆ ಮೂರು ಮಾತು.
ನಾನು ಏನೂ ಕೇಳದವಳಂತೆ ಚಿಲ್ಲರೆ ಎಣಿಸಿದೆ.

ಊರುಗೋಲು ಮಾತ್ರ ಅವನು ಮುಟ್ಟಲಿಲ್ಲ.
ಬಾಗಿಲ ಹಿಂದೆ ಒರಗಿಸಿ
ಅದರ ಮೇಲೆ ಟೊಪ್ಪಿ ತೂಗುಹಾಕಿದ.

ಮೊನ್ನೆ ಸೇತುವೆಯ ಹತ್ತಿರ ಟೈರು ಒಡೆಯಿತು.
ಜ್ಯಾಕು ತುಕ್ಕು ಹಿಡಿದಿತ್ತು, ಫೋನಿಗೆ ಸಿಗ್ನಲ್ಲಿಲ್ಲ,
ಯಾವುದಕ್ಕೆ ಶಾಪ ಹಾಕುವುದೆಂದು ತಿಳಿಯದೆ ಎರಡಕ್ಕೂ ಹಾಕಿದೆ.
ಹೇಗೋ ಚಕ್ರ ಬದಲಿಸಿ ತಿರುವು ದಾಟಿದರೆ
ರಸ್ತೆಯ ನಟ್ಟನಡುವೆ ಅದೆರಿತೊ,
ಕಾಲಲ್ಲಿ ಚಪ್ಪಲಿ, ಹಿಂದೆ ನಾಯಿ,
ಗೇಟಿನ ಕಾಲದ ಕೆಂಪು ಬಾವುಟ ಎತ್ತಿ ಹಿಡಿದಿದ್ದಾನೆ.

ಬ್ರೇಕು ಒತ್ತಿದೆ.
ಗಡಿಯಾರ ತೆರೆದು ನೋಡಿದ, ಮುಚ್ಚಿದ.
"ಹನ್ನೊಂದು ನಿಮಿಷ ತಡ.
ಹದಿನೈದಾಗಿದ್ದರೆ ಚರ್ಚಿನ ಗಂಟೆ ಬಾರಿಸಿ
ಊರನ್ನೇ ಎಬ್ಬಿಸುತ್ತಿದ್ದೆ."

ಅವನ ಕ್ಯಾಲೆಂಡರು ಅಂದೇ ನೋಡಿದ್ದು.
ದಿನಕ್ಕೊಂದು ಚೌಕ, ಚೌಕಕ್ಕೊಂದು ಸಮಯ,
ಏಳು ಹತ್ತು, ಏಳು ಹನ್ನೆರಡು, ಏಳು ಒಂಬತ್ತು,
ನಾನು ಬಂದದ್ದು, ನಾನು ಹೋದದ್ದು.
ನಾನು ಅವನ ಚೀಲ ನೋಡುತ್ತಿದ್ದ ಅಷ್ಟೂ ದಿನ
ಅವನು ನನ್ನನ್ನು ನೋಡುತ್ತಿದ್ದ.

ಬ್ರೆಡ್ಡು ಕೈಗೇ ಕೊಟ್ಟೆ. ಇನ್ನೂ ಬಿಸಿಯಿತ್ತು.
ಕಂಕುಳಲ್ಲಿಟ್ಟುಕೊಂಡು ಏರು ಹತ್ತಿದ,
ಬಾವುಟದ ಕೋಲನ್ನು ಹೆಜ್ಜೆಹೆಜ್ಜೆಗೂ ನೆಲಕ್ಕೂರುತ್ತ.